ತಮಟೆ ಕಲ್ಲಿನ ಆಚೆ

ತಲೆ ಎಣಿಸುವಾಗ ನಾವು ಊರಿನವರು. ಬಸ್ಸು ನಿಲ್ಲುವಾಗ ಕಾಲೋನಿಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹೆಂಗಸಿಗೆ ಯಾಕಿಷ್ಟು ಸಿಟ್ಟು ಅಂತ ಆಮೇಲೆ ಯಾರೂ ಕೇಳಬಾರದು.

ನನ್ನ ಹೆಸರು ಬೃಂದಾ. ದೊಮ್ಮಲೂರಿನ ಒಂದು ಆಫೀಸು ಕಟ್ಟಡದಲ್ಲಿ ಕಕ್ಕಸು ತೊಳೆಯುತ್ತೇನೆ. ನನ್ನ ಅಂಗಿಯ ಮೇಲೆ ಹೌಸ್‌ಕೀಪಿಂಗ್ ಅಂತ ಹೊಲಿದಿದ್ದಾರೆ. ಹೊಲಿದರೆ ವಾಸನೆ ಹೋಗುವುದಿಲ್ಲ. ಫಿನಾಯಿಲಿಗೆ ಬೆರಳ ಸಂದಿ ಒಡೆದು ರಾತ್ರಿ ಸಾರು ಕಲಸಿದರೆ ಉರಿಯುತ್ತದೆ. ಗಂಡ ಮಧುಕರ ಇಂದಿರಾನಗರದಲ್ಲಿ ವಾಚ್‌ಮನ್. ಅಲ್ಲೇ ಗೇಟಿನ ಪಕ್ಕದ ಗೂಡಿನಲ್ಲಿ ಮಲಗುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಮನೆಯಲ್ಲಿರುವುದು ನಾನು, ಮಗಳು ಮೋನಿಷಾ, ಅತ್ತೆ, ಮಾವ.

ನಮ್ಮೂರು ಚೌಡಗುಂಟೆ. ಕೆ.ಆರ್. ಪುರ ದಾಟಿ, ಹಳೇ ಮದ್ರಾಸ್ ರಸ್ತೆ ಬಿಟ್ಟು ಒಳಗೆ ಬಂದರೆ ಮೊದಲು ಊರು ಸಿಗುತ್ತದೆ. ಊರ ಮುಂದೆ ಅರಳಿಕಟ್ಟೆ. ಕಟ್ಟೆಯಿಂದಾಚೆ ಕೆರೆ ಏರಿ. ಏರಿಯ ಒಂದು ಕಡೆ ಕೆರೆ, ಇನ್ನೊಂದು ಕಡೆ ಜಾಲಿ ಬೆಳೆದ ಹಳ್ಳ. ಏರಿ ಮುಗಿದ ಮೇಲೆ ನಾವು.

ಚೌಡಗುಂಟೆಯ ಜನಸಂಖ್ಯೆ ಸಾವಿರದ ಚಿಲ್ಲರೆ ಅಂತ ಪಂಚಾಯ್ತಿ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿದ್ದಾರೆ. ಆ ಸಾವಿರದಲ್ಲಿ ಊರಿನವರು ಎಷ್ಟು ಜನ ಅಂತ ಯಾರೂ ಬರೆದಿಲ್ಲ. ಹೊಲ ಮಾರಿದವರೆಲ್ಲ ಜೀವನ್ ಬಿಮಾ ನಗರದಲ್ಲೋ ಇಂದಿರಾನಗರದಲ್ಲೋ ಮಹಡಿ ಮನೆ ಕಟ್ಟಿಕೊಂಡು ಹೋದರು. ಹಬ್ಬಕ್ಕೆ ಕಾರಿನಲ್ಲಿ ಬರುತ್ತಾರೆ, ಎಡೆ ಇಟ್ಟು ಸಂಜೆಗೆ ಹೊರಡುತ್ತಾರೆ. ಊರಿನ ಅರ್ಧ ಬಾಗಿಲಿಗೆ ಬೀಗ. ನಮ್ಮ ಕಡೆ ಮಾತ್ರ ಒಂದೊಂದು ಮನೆಯಲ್ಲಿ ಎರಡೆರಡು ಸಂಸಾರ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಕಾಲೆಲ್ಲ ಏರಿಯಾಚೆಯ ಕಾಲೇ. ಹಲಸೂರಿನ ಮನೆಗಳಿಗೆ, ಶಿವಾಜಿನಗರದ ಅಂಗಡಿಗಳಿಗೆ, ದೊಮ್ಮಲೂರಿನ ಆಫೀಸುಗಳಿಗೆ. ಏರಿ ದಾಟಿ, ಊರು ದಾಟಿ, ದೊಡ್ಡ ರಸ್ತೆಯವರೆಗೂ ನಡೆದೇ ಹೋಗುತ್ತಿದ್ದೆವು. ಚೌಡಗುಂಟೆಗೆ ಬಸ್ಸೇ ಇರಲಿಲ್ಲ.

ನನಗೆ ನಡೆಯಲು ಬೇಜಾರಿಲ್ಲ. ಕಾಲಿದೆ, ನಡೆಯುತ್ತೇನೆ. ಅತ್ತೆಗೆ ಕಾಲಿರಲಿಲ್ಲ. ಇತ್ತು, ಕೊಳೆಯುತ್ತಿತ್ತು.

ಅತ್ತೆಯ ಹೆಸರು ಚಿಕ್ಕಮುನಿಯಮ್ಮ. ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಚಿಕ್ಕ ಗುಳ್ಳೆ ಎದ್ದದ್ದು ಹುಣ್ಣಾಗಿ ಹೆಬ್ಬೆರಳಿನ ತನಕ ಹೋಗಿತ್ತು. ಶಿವಾಜಿನಗರದ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡ್ರೆಸ್ಸಿಂಗ್. ಡಾಕ್ಟರಮ್ಮ ಒಂದೇ ಮಾತು ಹೇಳಿದ್ದರು. "ಅಜ್ಜಿ ಕಾಲು ನೆಲಕ್ಕೆ ಊರೋಹಾಗಿಲ್ಲ. ಒದ್ದೆ ಆಗೋಹಾಗಿಲ್ಲ. ಆಮೇಲೆ ಕಾಲು ತೆಗೀಬೇಕಾಗುತ್ತೆ."

ಬೈಕಿನ ಮೇಲೆ ಒಂದು ಸಲ ಕೂರಿಸಿದೆವು. ಏರಿಯ ಗುಂಡಿಗೆ ಬಿದ್ದು ಹುಣ್ಣು ಬಾಯಿ ಬಿಟ್ಟಿತು. ಆಟೋದವರು ಏರಿ ನೋಡಿ ಕಟ್ಟೆಯಿಂದಲೇ ತಿರುಗಿಸಿಕೊಂಡು ಹೋಗುತ್ತಿದ್ದರು. ಅದಕ್ಕೇ ನಾನು ಅತ್ತೆಯನ್ನು ಬೆನ್ನ ಮೇಲೆ ಹೊರುತ್ತಿದ್ದೆ. ಮಕ್ಕಳನ್ನು ಕೂಸುಮರಿ ಹೊರುತ್ತಾರಲ್ಲ, ಹಾಗೆ. ಅತ್ತೆ ನನ್ನ ಕೊರಳು ತಬ್ಬಿಕೊಳ್ಳುತ್ತಿದ್ದಳು. ಮೋನಿಷಾ ಹಿಂದಿನಿಂದ ಕಾಲು ಎತ್ತಿ ಹಿಡಿದುಕೊಂಡು ಬರುತ್ತಿದ್ದಳು. ಏರಿಯ ಮೇಲೆ ಟಿಪ್ಪರ್ ಬಂದರೆ ಮೂವರೂ ಜಾಲಿ ಮುಳ್ಳಿನೊಳಗೆ ಸರಿದು ನಿಲ್ಲಬೇಕು. ಟಿಪ್ಪರಿನ ಧೂಳೆಲ್ಲ ಬಾಯಿಗೆ. ಅತ್ತೆಯ ಮೂಳೆ ಎಷ್ಟು ಭಾರ ಅಂತ ನನ್ನ ಸೊಂಟಕ್ಕೆ ಗೊತ್ತು.

ಆ ಟಿಪ್ಪರುಗಳು ಶ್ರೀನಿವಾಸನವು. ಊರಿನ ಯಜಮಾನರು ಮುನಿಆಂಜನಪ್ಪ, ಅವರ ಮಗ ಈ ಶ್ರೀನಿವಾಸ. ಊರಿನ ಪಕ್ಕದ ತಮ್ಮ ಹೊಲದಲ್ಲಿ ಲೇಔಟ್ ಮಾಡಿದ್ದಾನೆ. ತಗ್ಗು ತುಂಬಿಸಲು ನಮ್ಮ ಕಾಲೋನಿಯ ಹಿಂದಿನ ಗುಡ್ಡ ಅಗೆದು, ಮಣ್ಣು ಹೇರಿಕೊಂಡು, ಏರಿಯ ಮೇಲೆ ಸಾಗಿಸುತ್ತಾನೆ. ಗುಡ್ಡ ಕರಗುತ್ತಿತ್ತು, ಲೇಔಟ್ ಏಳುತ್ತಿತ್ತು. ಆದರೆ ಸೈಟು ನೋಡಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ. ಬಸ್ಸಿದೆಯಾ?

ಆಗ ಅವನಿಗೆ ನಮ್ಮ ನೆನಪಾಯಿತು.

ಕಾಲೋನಿಗೆ ಕಾರಿನಲ್ಲಿ ಬಂದ. ನಮ್ಮ ಮನೆ ಮುಂದೆ ಇಳಿದ. ಚಪ್ಪಲಿ ಬಿಡಲಿಲ್ಲ, ಒಳಗೂ ಬರಲಿಲ್ಲ.

"ಬೃಂದಕ್ಕ, ನಾಳೆ ಬಸ್ ಆಫೀಸರ್ ಬರ್ತಾರೆ. ಜನ ಎಷ್ಟಿದ್ದಾರೆ ಅಂತ ಕಣ್ಣಲ್ಲಿ ನೋಡ್ಬೇಕಂತೆ. ಎಲ್ರೂ ಕಟ್ಟೆ ಹತ್ರ ಬಂದ್ಬಿಡಿ."

"ಕಟ್ಟೆ ಹತ್ರಾನಾ ಸೀನಣ್ಣ?"

"ಹತ್ರ ಯಾಕೆ, ಮೇಲೇ ಕೂತ್ಕೊಳ್ಳಿ. ಈಗೆಲ್ಲ ಯಾರು ನೋಡ್ತಾರೆ ಅದನ್ನೆಲ್ಲ." ಬಾಗಿಲಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿದ. "ಅಜ್ಜೀನೂ ಕರ್ಕೊಂಡ್ಬನ್ನಿ. ಬಸ್ ಬಂದ್ರೆ ಇಲ್ಲೇ ಹತ್ತಿ, ಆಸ್ಪತ್ರೆ ಬಾಗಿಲಲ್ಲೇ ಇಳೀತಾರೆ."

ಆ ಕಟ್ಟೆಯ ಮೇಲೆ ನಮ್ಮವರು ಯಾರೂ ಕೂತಿರಲಿಲ್ಲ. ಕೂರಬೇಡಿ ಅಂತ ಬೋರ್ಡೇನೂ ಇಲ್ಲ. ಬೋರ್ಡಿದ್ದರೆ ಪೊಲೀಸ್ ಸ್ಟೇಷನ್ನಿಗೆ ಹೋಗಬಹುದಿತ್ತು. ಬೋರ್ಡು ಇಲ್ಲದ್ದನ್ನು ಯಾರಿಗೆ ತೋರಿಸುವುದು? ಕೂತರೆ ಯಾರೋ ಕೆಮ್ಮುತ್ತಾರೆ. ಯಾರೋ ನಿನ್ನ ಮಾವ ಹೆಂಗಿದ್ದಾನೆ ಅಂತ ಕೇಳುತ್ತಾರೆ. ಎದ್ದುಬಿಡುತ್ತೀವಿ.

ಮರುದಿನ ನಾನು ರಜೆ ಹಾಕಿ ಅತ್ತೆಯನ್ನು ಹೊತ್ತುಕೊಂಡು ಹೋದೆ. ಕಾಲೋನಿಯೆಲ್ಲ ಬಂತು. ಒಗೆದ ಸೀರೆ ಉಟ್ಟುಕೊಂಡು ಹೆಂಗಸರು, ಸ್ಕೂಲು ಬಿಡಿಸಿಕೊಂಡು ಬಂದ ಮಕ್ಕಳು. ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿದೆ. ಮದುವೆಯಾಗಿ ಬಂದಾಗಿನಿಂದ ಆ ಕಟ್ಟೆಯ ಸುತ್ತ ಕಸ ಗುಡಿಸಿದವಳು. ಕಲ್ಲಿನ ಮೇಲೆ ಕೈ ಆಡಿಸಿ "ತಣ್ಣಗಿದೆ ಕಣೇ" ಅಂದಳು.

ಆಫೀಸರು ಜೀಪಿನಿಂದ ಇಳಿದರು.

"ಇವರೆಲ್ಲ ಈ ಊರೋರೇನಾ?"

"ಎಲ್ಲಾ ನಮ್ಮೋರೇ ಸಾರ್," ಅಂದ ಶ್ರೀನಿವಾಸ.

"ಬಸ್ಸು ಎಲ್ಲೀವರೆಗೂ ಬೇಕು?"

"ಏರಿ ದಾಟಿ ಕಾಲೋನೀವರೆಗೂ ಸಾರ್. ಪೇಷಂಟ್‌ಗಳಿದ್ದಾರೆ ನೋಡಿ." ಅತ್ತೆಯ ಕಾಲು ತೋರಿಸಿದ. ಬಟ್ಟೆ ಸುತ್ತಿದ ಆ ಕಾಲನ್ನು ತನ್ನದೇ ಆಸ್ತಿ ಅನ್ನುವ ಹಾಗೆ ತೋರಿಸಿದ. ಆಫೀಸರು ತಲೆ ಆಡಿಸಿದರು, ಫೋನಿನಲ್ಲಿ ನಮ್ಮೆಲ್ಲರ ಫೋಟೋ ಹಿಡಿದುಕೊಂಡರು, ಹೋದರು.

ಜೀಪಿನ ಧೂಳು ಇನ್ನೂ ಕೂತಿರಲಿಲ್ಲ. ಶ್ರೀನಿವಾಸನ ಹೆಂಡತಿ ಹಂಸ ಕಟ್ಟೆ ಎದುರಿನ ತಮ್ಮ ಮನೆ ಅಂಗಳದ ನಲ್ಲಿಯಿಂದ ಪೈಪು ಎಳೆದುಕೊಂಡು ಬಂದಳು. ಓದಿದ ಹುಡುಗಿ. ನಮ್ಮನ್ನು ಕಂಡರೆ ನಗುತ್ತಾಳೆ. ಆವತ್ತೂ ನಕ್ಕಳು.

"ಅಜ್ಜಿ, ಸ್ವಲ್ಪ ಎದ್ದೇಳ್ತೀರಾ?"

"ಯಾಕವ್ವ?"

"ಏನಿಲ್ಲ. ನಾಗರಕಲ್ಲಿದೆಯಲ್ಲ, ಒಂದ್ಸಲ ತೊಳ್ದುಬಿಡೋಣ ಅಂತ. ಅಪ್ಪಾಜಿ ಹೇಳಿದ್ರು."

ಅತ್ತೆಗೆ ತಾನಾಗಿ ಏಳಲು ಆಗುವುದಿಲ್ಲ. ನಾನು ನೀರು ಕುಡಿಸಲು ತಂಬಿಗೆ ತರಲು ಸ್ವಲ್ಪ ಆಚೆ ಹೋಗಿದ್ದೆ, ಮಾತು ಕೇಳಿಸುತ್ತಿತ್ತು. ಹಂಸ ಕಾಯಲಿಲ್ಲ. ಕಟ್ಟೆಯ ಆ ತುದಿಯಿಂದ ನೀರು ಬಿಟ್ಟಳು. ಕಲ್ಲಿನ ಮೇಲೆ ನೀರು ಹರಿದು ಬಂದು ಅತ್ತೆಯ ಸೀರೆಯೊಳಗೆ ಹೋಯಿತು. ಡ್ರೆಸ್ಸಿಂಗ್ ನೆನೆಯಿತು. ನಾನು ಓಡಿ ಬರುವಷ್ಟರಲ್ಲಿ ಅತ್ತೆ ಆ ಕಾಲನ್ನು ಎರಡೂ ಕೈಯಲ್ಲಿ ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ಕೂತಿದ್ದಳು. ಸುತ್ತ ನೀರು. ಅವಳು ಅಳಲಿಲ್ಲ. "ನಡಿಯೇ, ನಡಿಯೇ" ಅಂದಳು, ಅಷ್ಟೇ.

ನಾನು ಹಂಸಳ ಮುಖ ನೋಡಿದೆ. ಅವಳ ಕೈಯಲ್ಲಿದ್ದ ಪೈಪು ಕಿತ್ತುಕೊಳ್ಳಬೇಕು ಅನ್ನಿಸಿತು. ಅತ್ತೆ ನನ್ನ ಸೆರಗು ಬಿಡಲಿಲ್ಲ. ಹೊತ್ತುಕೊಂಡು ಏರಿ ಹತ್ತಿದೆ. ನೆನೆದ ಬಟ್ಟೆಯ ನೀರು ದಾರಿಯುದ್ದಕ್ಕೂ ನನ್ನ ಸೊಂಟಕ್ಕೆ ತೊಟ್ಟಿಕ್ಕಿತು. ಆ ನೀರಿನಲ್ಲಿ ಕೀವೂ ಇತ್ತು.

ಮುಂದಿನ ಡ್ರೆಸ್ಸಿಂಗಿನಲ್ಲಿ ಡಾಕ್ಟರಮ್ಮ ನನ್ನನ್ನೇ ಬೈದರು. "ಹೇಳಿದ್ದೆ ತಾನೇ ಒದ್ದೆ ಮಾಡ್ಬೇಡಿ ಅಂತ. ಸ್ನಾನ ಮಾಡ್ಸಿದ್ರಾ?" ಅತ್ತೆಯೇ ಹೇಳಿದಳು. "ಹೂಂ ತಾಯಿ, ಮೈ ತೊಳ್ಕೊಂಡೆ." ಹೆಬ್ಬೆರಳು ಕಪ್ಪಾಗಿತ್ತು. ಇನ್ನು ನಡೆಸಿದರೆ, ಇನ್ನೊಮ್ಮೆ ನೆನೆದರೆ, ಮೊಣಕಾಲಿನಿಂದ ಕೆಳಗೆ ತೆಗೆಯುತ್ತೇವೆ ಅಂದರು.

ಬಸ್ಸು ಮಂಜೂರಾಯಿತು. ಚೌಡಗುಂಟೆಯಿಂದ ಹಲಸೂರಿನ ಮೇಲೆ ಶಿವಾಜಿನಗರಕ್ಕೆ. ಸುದ್ದಿ ಬಂದ ದಿನ ಅತ್ತೆ ಮೋನಿಷಾಳ ಕೈಲಿ ತಲೆ ಬಾಚಿಸಿಕೊಂಡಳು. ಆಮೇಲೆ ಗೊತ್ತಾಯಿತು, ಬಸ್ಸು ಅರಳಿಕಟ್ಟೆಯಲ್ಲೇ ತಿರುಗುತ್ತದೆ. ಏರಿ ದಾಟುವುದಿಲ್ಲ. ಕಟ್ಟೆಗೆ ಆತುಕೊಂಡ ಹಾಗೆ ಸ್ಟೀಲಿನ ತಂಗುದಾಣ ಎದ್ದಿತ್ತು. ಅದರ ನೆತ್ತಿಯ ಮೇಲೆ ಲೇಔಟಿನ ಹೆಸರು.

ನಾನು ಶ್ರೀನಿವಾಸನನ್ನು ಲೇಔಟಿನ ಗೇಟಿನಲ್ಲೇ ಹಿಡಿದೆ.

"ಕಾಲೋನೀವರೆಗೂ ಅಂದಿದ್ರಲ್ಲ ಸೀನಣ್ಣ."

"ಏರಿ ಬಸ್ಸಿನ ಭಾರ ತಡೆಯಲ್ಲ ಅಕ್ಕ. ನಾನೇ ಬರ್ಕೊಟ್ಟೆ. ನಾಳೆ ಏನಾದ್ರೂ ಆದ್ರೆ ಯಾರ ಮೇಲೆ ಬರುತ್ತೆ?"

ಅವನು ಹಾಗನ್ನುತ್ತಿರುವಾಗಲೇ ಮಣ್ಣು ತುಂಬಿದ ಟಿಪ್ಪರೊಂದು ಏರಿ ಇಳಿದು ನಮ್ಮ ಪಕ್ಕದಲ್ಲೇ ಗೇಟಿನೊಳಗೆ ಹೋಯಿತು. ನಾನು ಟಿಪ್ಪರ್ ನೋಡಿದೆ. ಅವನೂ ನೋಡಿದ. ನಾಚಿಕೆಯಾದರೂ ಆಗಬೇಕಿತ್ತು.

"ಇದ್ರ ಭಾರ ತಡಿಯುತ್ತಾ?"

"ನೀವು ತಿಳಿದೋರು, ಅರ್ಥ ಮಾಡ್ಕೊಳ್ಳಿ," ಅಂತ ದನಿ ಇಳಿಸಿದ. "ಸೈಟ್ ನೋಡಕ್ಕೆ ಬರೋರು ಬಸ್ಸಿನ ಬೋರ್ಡ್ ಮೇಲೆ ಕಾಲೋನಿ ಅಂತ ನೋಡಿದ್ರೆ ಹಂಗೇ ವಾಪಸ್ ಹೋಗ್ತಾರೆ. ಅಲ್ಲಿಂದ ಬಸ್ ತುಂಬ್ಕೊಂಡು ಬಂದ್ರೆ ಇಲ್ಲಿ ನಿಲ್ಲೋರಿಗೆ ಸೀಟೆಲ್ಲಿ? ಕಟ್ಟೆವರ್ಗೂ ಬಂದಿದೆಯಲ್ಲ, ಅಷ್ಟು ನಡ್ಕೊಂಡ್ಬನ್ನಿ."

"ನಮ್ಮತ್ತೆ?"

"ನೀವು ಹೊತ್ಕೊಂಡು ಬರ್ತೀರಲ್ಲ ಅಕ್ಕ," ಅಂದ. ಹೊಗಳಿದ ಹಾಗೆ ಅಂದ.

ಆವತ್ತು ರಾತ್ರಿಯೆಲ್ಲ ಹಲ್ಲು ಕಡಿಯುತ್ತಾ ಮಲಗಿದ್ದೆ. ತಲೆ ಕೊಟ್ಟೆವು, ಕಾಲು ಕೊಟ್ಟೆವು, ಬಸ್ಸು ಅವನ ಸೈಟಿಗೆ ಹೋಯಿತು. ಇನ್ನು ಮಿಕ್ಕಿದ್ದು ತಮಟೆ. ಅದನ್ನೂ ಕೇಳಿದರು.

ಇಲ್ಲಿ ತಮಟೆಯ ವಿಷಯ ಹೇಳಬೇಕು. ನಮ್ಮ ಮಾವ ಮುನಿಕೃಷ್ಣಪ್ಪ ತಮಟೆ ಬಾರಿಸುವವರು. ಊರಿಗೆ ಹೊಸ ಗಾಡಿ ಬಂದರೆ, ಟ್ರ್ಯಾಕ್ಟರಾಗಲಿ ಕಾರಾಗಲಿ, ಊರ ಬಾಗಿಲಿನಿಂದ ಕಟ್ಟೆಯವರೆಗೂ ತಮಟೆ ಮುಂದೆ ಹೋಗಬೇಕು, ಗಾಡಿ ಹಿಂದೆ ಬರಬೇಕು. ಕಟ್ಟೆಗೆ ಸ್ವಲ್ಪ ಮೊದಲು ರಸ್ತೆ ಬದಿಯಲ್ಲಿ ಒಂದು ನೆಟ್ಟ ಕಲ್ಲಿದೆ. ತಮಟೆ ಕಲ್ಲು ಅಂತಲೇ ಹೆಸರು. ಬಾರಿಸುವವನು ಅದನ್ನು ದಾಟುವ ಹಾಗಿಲ್ಲ. ಅಲ್ಲಿ ನಿಂತು ಮೂರು ಪೆಟ್ಟು ಬಿಡಿಬಿಡಿಯಾಗಿ ಹಾಕಿ ಮುಗಿಸಬೇಕು. ಮುಗಿಸಿ ಮೋರಿಗೆ ಇಳಿದು ನಿಲ್ಲಬೇಕು. ಗಾಡಿ ಅವನನ್ನು ದಾಟಿ ಕಟ್ಟೆಗೆ ಹೋಗುತ್ತದೆ, ಆರತಿ, ಕಾಯಿ, ಸಿಹಿ. ನಮ್ಮ ಮಾವ ಜೀವನವಿಡೀ ಎಲ್ಲರನ್ನೂ ಕಟ್ಟೆಗೆ ಕರೆದುಕೊಂಡು ಹೋದರು, ತಾವು ಮೋರಿಯಲ್ಲಿ ನಿಂತರು.

ಇನ್ನೊಂದು ಕಟ್ಟುಪಾಡಿದೆ. ಮುಗಿಸದ ತಮಟೆಯನ್ನು ಗಾಡಿ ದಾಟಬಾರದು, ಬಿಟ್ಟು ಬೇರೆ ದಾರಿಗೆ ಹೋಗಲೂಬಾರದು. ಇದನ್ನು ನಾವು ಮಾಡಿದ್ದಲ್ಲ, ಅವರೇ ಮಾಡಿದ್ದು. ಮುನಿಆಂಜನಪ್ಪನವರು ಹರೆಯದಲ್ಲಿ ಹೊಸ ಟ್ರ್ಯಾಕ್ಟರ್ ತಂದಾಗ ಅವಸರಕ್ಕೆ ತಮಟೆ ದಾಟಿಸಿ ಓಡಿಸಿದರಂತೆ. ಅದೇ ವಾರ ಟ್ರ್ಯಾಕ್ಟರ್ ಕೆರೆ ಅಂಗಳದಲ್ಲಿ ಮಗುಚಿ ಬಲಗಾಲು ಮುರಿಯಿತು. ಈಗಲೂ ಕುಂಟುತ್ತಾರೆ. ತಪ್ಪು ಯಾರದು? ತಮಟೆಯವನದು. ದಾಟುವವನಿಗೆ ದಾರಿ ಬಿಟ್ಟಿದ್ದಕ್ಕೆ. ಕಟ್ಟೆಯ ಮುಂದೆ ಎಲ್ಲರೆದುರಿಗೆ ನಮ್ಮ ಮಾವನಿಗೆ ಚಪ್ಪಲಿಯಲ್ಲಿ ಹೊಡೆದರು. ಅತ್ತೆ ಆಗ ಹೊಸ ಸೊಸೆ, ಮೋರಿಯಲ್ಲಿ ನಿಂತು ನೋಡಿದಳಂತೆ.

ಬಸ್ಸಿನ ಪೂಜೆಯ ಹಿಂದಿನ ಸಂಜೆ ಯಜಮಾನರ ಆಳು ಬಂದು ಹೇಳಿ ಹೋದ. ನಾಳೆ ಬೆಳಿಗ್ಗೆ ತಮಟೆ. ಮಾವ ಹೂಂ ಅಂದರು.

ನಾನು ಒಲೆ ಮುಂದಿನಿಂದ ಎದ್ದು ಬಂದೆ.

"ಹೋಗ್ತೀರಾ ಮಾವ?"

"ಹೋಗ್ತೀನಿ."

"ಅತ್ತೆ ಮೇಲೆ ನೀರು ಹುಯ್ದೋರ ಬಸ್ಸಿಗೆ?"

"ಬಸ್ಸು ಅವ್ರದ್ದಲ್ಲ ಕಣಮ್ಮ. ಸರ್ಕಾರದ್ದು."

"ಯಾರದ್ದಾದ್ರೇನು, ತಿರುಗೋದು ಅವ್ರ ಬಾಗ್ಲಲ್ಲಿ. ನಿಮಗೆ ಮಾನ ಅನ್ನೋದಿದ್ರೆ ಆ ತಮಟೆ ಒಲೆಗೆ ಹಾಕಿ. ನಾನೇ ಹಾಕ್ತೀನಿ ಕೊಡಿ."

ಮಾವ ಗೋಡೆಯ ಮೇಲಿನ ತಮಟೆ ಇಳಿಸಿ ಅಂಗೈಯಿಂದ ಧೂಳು ಒರೆಸಿದರು. ನನಗೆ ಅವರನ್ನು ನೋಡಲಾಗಲಿಲ್ಲ. ಮಾವನಿಗೆ ಯಾವತ್ತೂ ಎದುರಾಡಿದವಳಲ್ಲ, ಆವತ್ತು ಊಟದ ತಟ್ಟೆ ಕುಕ್ಕಿದೆ. ಅತ್ತೆ ಮಂಚದ ಮೇಲಿಂದ, "ಅವ್ರ ಪಾಡಿಗೆ ಬಿಡೇ" ಅಂದಳು. ಗುಲಾಮರು ಅಂತ ಬಾಯಿಗೆ ಬಂತು. ನುಂಗಿಕೊಂಡೆ.

ಬೆಳಿಗ್ಗೆ ಬಸ್ಸು ಊರ ಬಾಗಿಲಿಗೆ ಬಂದು ನಿಂತಿತ್ತು. ಬಾಳೆ ಕಂದು, ಚೆಂಡು ಹೂವಿನ ಹಾರ, ಗಾಜಿನ ಮೇಲೆ ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು. ಜೀವನ್ ಬಿಮಾ ನಗರದಿಂದ ಕಾರುಗಳು ಬಂದಿದ್ದವು. ಡ್ರೈವರ್ ಅಂಬಣ್ಣ ಅಂತ, ಹಲಸೂರಿನವರು, ತಲೆ ನರೆತಿತ್ತು. ತಮಟೆಯ ಕಟ್ಟುಪಾಡನ್ನು ಊರಿನವರು ಅವರಿಗೆ ಮೊದಲೇ ಹೇಳಿದ್ದರು. ಕಂಡಕ್ಟರ್ ಶಮೀಮ್, ಶಿವಾಜಿನಗರದ ಹೆಂಗಸು, ಚೀಲ ತಗುಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಶ್ರೀನಿವಾಸ ಬಸ್ಸಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ. ಕಾಲೋನಿಯ ನಾವು ಕೆಲಸಕ್ಕೆ ಹೊರಟವರು ಮೋರಿಯ ಈಚೆ ನಿಂತೆವು. ಅವತ್ತು ಅತ್ತೆಯ ಡ್ರೆಸ್ಸಿಂಗಿನ ದಿನ. ಇವರ ಪೂಜೆ ಮುಗಿದ ಮೇಲೆ ಹೋಗಿ ಹೊತ್ತುಕೊಂಡು ಬರಬೇಕಿತ್ತು.

ಮಾವ ಹುಲ್ಲು ಉರಿಸಿ ತಮಟೆ ಕಾಯಿಸಿದರು. ಚರ್ಮ ಬಿಗಿಯಾಗುವವರೆಗೂ ತಿರುತಿರುಗಿಸಿ ಹಿಡಿದರು. ಯಾರೋ ಕುಂಬಳಕಾಯಿ ಒಡೆದರು. ತಮಟೆ ಎದ್ದಿತು.

ಮಾವನ ಮಂಡಿ ಹೋಗಿ ಎಷ್ಟೋ ವರ್ಷವಾಗಿದೆ. ಆದರೂ ತಮಟೆ ಹಿಡಿದರೆ ಬೆನ್ನು ನೆಟ್ಟಗಾಗುತ್ತದೆ. ಬಸ್ಸು ಅವರ ಹಿಂದೆ ನಿಧಾನವಾಗಿ ಬಂತು. ಪಕ್ಕದಲ್ಲಿ ಮುನಿಆಂಜನಪ್ಪ ಬಿಳಿ ಪಂಚೆ ಎತ್ತಿಕೊಂಡು ಕುಂಟುತ್ತಾ ಬಂದರು. ಕಲ್ಲು ಬಂತು.

ಮಾವ ನಿಂತರು. ಮೋರಿಗೆ ಇಳಿಯಲಿಲ್ಲ. ರಸ್ತೆಯ ನಡುವೆ ನಿಂತು ಬಾರಿಸುತ್ತಲೇ ಇದ್ದರು.

"ಲೇ ಮುನಿಕೃಷ್ಣ, ಬಂತಲ್ಲೋ. ಮುಗ್ಸು," ಅಂದರು ಮುನಿಆಂಜನಪ್ಪ.

ತಮಟೆ ನಿಲ್ಲಲಿಲ್ಲ.

"ಕಿವಿ ಹೋಯ್ತೇನೋ ನಿಂಗೆ? ಮೂರ್ ಪೆಟ್ಟು ಹಾಕಿ ಪಕ್ಕಕ್ ಬಾ."

"ಇನ್ನೂ ಮುಗಿದಿಲ್ಲ ಯಜಮಾನ್ರೆ," ಅಂದರು ಮಾವ.

ಕಲ್ಲು ದಾಟಿದರು.

ರಾತ್ರಿ ನಾನು ತಟ್ಟೆ ಕುಕ್ಕಿದ್ದು ಇವರಿಗಾ? ಮಾವ ಕಟ್ಟೆಯ ಮುಂದೆ ಹಾದರು. ಹೊಸ ತಂಗುದಾಣದ ಮುಂದೆ ಹಾದರು. ಬಸ್ಸು ತಿರುಗಲೆಂದು ಹಾಕಿದ ಸುಣ್ಣದ ಗೆರೆ ತುಳಿದುಕೊಂಡು ಹಾದರು. ಆರತಿ ತಟ್ಟೆ ಹಿಡಿದಿದ್ದ ಹಂಸ ಎರಡು ಹೆಜ್ಜೆ ಹಿಂದೆ ಸರಿದಳು. ಮಾವ ಏರಿಯ ಕಡೆ ತಿರುಗಿದರು.

ಶ್ರೀನಿವಾಸ ಓಡಿ ಬಂದು ಡ್ರೈವರ್ ಬಾಗಿಲು ಬಡಿದ. "ಅಲ್ಲೇ ತಿರುಗ್ಸಿ ಸಾರ್. ಅವ್ನು ಕುಡಿದಿದ್ದಾನೆ. ಬಿಟ್ಟು ತಿರುಗ್ಸಿ."

ನಮ್ಮ ಮಾವ ಕುಡಿಯುವುದಿಲ್ಲ. ಅದು ಅವನಿಗೂ ಗೊತ್ತು.

ಅಂಬಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಮಗನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದರು. "ಏನ್ ಯಜಮಾನ್ರೆ, ತಮಟೆ ಮುಗೀಲಿಲ್ಲ. ಬಿಟ್ಟು ತಿರುಗ್ಸಲಾ? ಪೂಜೆ ನಿಮ್ದು, ನೀವೇ ಹೇಳಿ. ಆಮೇಲೆ ಏನಾದ್ರೂ ಆದ್ರೆ ನನ್ ಮೇಲೆ ಹಾಕ್ಬೇಡಿ."

ಮುನಿಆಂಜನಪ್ಪನವರ ಕೈ ತಮ್ಮ ಬಲಗಾಲಿನ ಮೇಲೆ ಹೋಯಿತು. ಊರೆಲ್ಲ ನೋಡುತ್ತಿತ್ತು. ಟ್ರ್ಯಾಕ್ಟರಿನ ಕತೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಬಿಟ್ಟು ತಿರುಗಿಸು ಅಂತ ಅವರ ಬಾಯಿಂದ ಬರಲಿಲ್ಲ. ಹೋಗು ಅಂತಲೂ ಬರಲಿಲ್ಲ.

"ಸರಿ, ಹಂಗಾದ್ರೆ ಹಿಂದೇನೇ ಹೋಗ್ತೀನಿ," ಅಂದರು ಅಂಬಣ್ಣ. ಗೇರ್ ಹಾಕಿದರು.

ಬಸ್ಸು ಏರಿ ಹತ್ತಿತು.

ಮುಂದೆ ಮಾವ, ಹಿಂದೆ ಬಸ್ಸು, ಅದರ ಹಿಂದೆ ನಾವು. ನಾನೂ ಮೋನಿಷಾಳೂ ಓಡುತ್ತಿದ್ದೆವು. ಏರಿಯ ನಡುವೆ ಎದುರಿಗೆ ಶ್ರೀನಿವಾಸನ ಟಿಪ್ಪರ್ ಬಂತು. ಮಣ್ಣು ತುಂಬಿತ್ತು. ಹಾರ್ನ್ ಹೊಡೆಯಿತು. ಮಾವ ಅದರ ಮುಖಕ್ಕೆ ಬಾರಿಸಿದರು. ಟಿಪ್ಪರ್ ಡ್ರೈವರಿಗೆ ತಮಟೆ ಕಂಡಿತು, ಹೂವಿನ ಹಾರದ ಬಸ್ಸು ಕಂಡಿತು. ಪಾಪ, ಏನೂ ಗೊತ್ತಾಗದೆ ರಿವರ್ಸ್ ಹಾಕಿ ಏರಿಯುದ್ದಕ್ಕೂ ಹಿಂದಕ್ಕೇ ಹೋದ. ಇಷ್ಟು ದಿನ ನಮ್ಮನ್ನು ಮುಳ್ಳಿಗೆ ನೂಕಿದ್ದ ಟಿಪ್ಪರ್, ನಮ್ಮ ಮಾವನ ಮುಂದೆ ಹಿಂದಕ್ಕೆ ಹೋಗುತ್ತಿತ್ತು. ನನಗೆ ನಗುವೂ ಬಂತು, ಅಳುವೂ ಬಂತು.

ಏರಿ ಕುಸಿಯಲಿಲ್ಲ. ಒಂದು ಕಲ್ಲೂ ಉರುಳಲಿಲ್ಲ.

ಮಾವ ನಮ್ಮ ಮನೆ ಬಾಗಿಲವರೆಗೂ ಬಾರಿಸಿಕೊಂಡು ಬಂದರು. ಮಂಡಿ ಬಾಗುತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು, ಕಡ್ಡಿ ಹಿಡಿದ ಬೆರಳು ಸೀಳಿ ರಕ್ತ ತಮಟೆಯ ಅಂಚಿಗೆ ಹತ್ತಿತ್ತು. ಅತ್ತೆ ಜಗುಲಿಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಆಸ್ಪತ್ರೆಯ ಚೀಲ ಮಡಿಲಲ್ಲೇ ಇತ್ತು. ಆಗ ನನಗೆ ಗೊತ್ತಾಯಿತು, ರಾತ್ರಿ ಗೊತ್ತಿಲ್ಲದೆ ಇದ್ದವಳು ಆ ಮನೆಯಲ್ಲಿ ನಾನೊಬ್ಬಳೇ.

ನಾನು ಕಂಕುಳಿಗೆ ಕೈ ಹಾಕಿದೆ. ಮೋನಿಷಾ ಕಾಲು ಹಿಡಿದಳು. ಶಮೀಮ್ ಮೆಟ್ಟಿಲಿನಿಂದ ಇಳಿದು ಬಂದು ಸೊಂಟ ಹಿಡಿದಳು. "ಹುಷಾರು ಅಮ್ಮಾ, ನಿಧಾನ, ಆಹಿಸ್ತಾ." ಅತ್ತೆಯ ಕಾಲು ನೆಲ ಮುಟ್ಟಲಿಲ್ಲ. ಬಾಗಿಲ ಪಕ್ಕದ ಮೊದಲನೇ ಸೀಟಿನಲ್ಲಿ ಕೂರಿಸಿದೆವು. ಹಿಂದಿನಿಂದ ಕಾಲೋನಿಯ ಹೆಂಗಸರೆಲ್ಲ ಹತ್ತಿದರು.

ಆಮೇಲೆ ಮಾವ ಮುಗಿಸಿದರು. ನಮ್ಮ ಹೊಸ್ತಿಲ ಮುಂದೆ, ಬಿಡಿಬಿಡಿಯಾಗಿ, ಮೂರು ಪೆಟ್ಟು.

ಬಸ್ಸು ವಾಪಸ್ಸು ಏರಿ ದಾಟಿ ಕಟ್ಟೆಯ ಮುಂದೆ ಬಂತು. ಅಲ್ಲಿ ಊರಿನವರು ಅಡ್ಡ ನಿಂತಿದ್ದರು. ಶ್ರೀನಿವಾಸ ಬಾಗಿಲಿಗೆ ಬಂದ. ಒಳಗೆ ನೋಡಿದ. ಸೀಟುಗಳಲ್ಲೆಲ್ಲ ನಾವು.

"ಎಲ್ರೂ ಒಂದೈದ್ ನಿಮಿಷ ಇಳೀರಿ. ಇನ್ನೂ ಆರತಿ ಆಗಿಲ್ಲ. ಮೊದಲು ನಮ್ಮ ಮನೆಯೋರು ಹತ್ತಬೇಕು. ಆಮೇಲೆ ಹತ್ತುವಿರಂತೆ."

ಯಾರೂ ಅಲ್ಲಾಡಲಿಲ್ಲ.

"ಬೃಂದಕ್ಕ, ನೀವಾದ್ರೂ ಹೇಳಿ. ಆ ಸೀಟಲ್ಲಿ ನಮ್ಮಮ್ಮ ಕೂರ್ಬೇಕು. ಅಜ್ಜೀನ ಕೆಳಗಿಳ್ಸಿ, ಕಟ್ಟೆ ಮೇಲೆ ಕೂರ್ಸೋಣ ಬೇಕಾದ್ರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಒತ್ತಿದಳು. ಅವಳು ಶ್ರೀನಿವಾಸನನ್ನು ನೋಡಲಿಲ್ಲ. ಅವನ ಹಿಂದೆ ತಟ್ಟೆ ಹಿಡಿದು ನಿಂತಿದ್ದ ಹಂಸಳನ್ನು ನೋಡಿದಳು. ದನಿ ಏರಿಸಲಿಲ್ಲ.

"ಪೈಪು ತಗೊಂಬಾರವ್ವ. ತೊಳೀಬೇಕಂದ್ರೆ ಈಗ್ಲೇ ತೊಳಿ. ನಾನು ಕೂತಿದ್ದಂಗೇ ತೊಳಿ. ಇಳಿಯಲ್ಲ."

ಕಾಲೆತ್ತಿ ಮುಂದಿನ ಕಂಬಿಯ ಮೇಲೆ ಇಟ್ಟಳು. ಬಟ್ಟೆ ಸುತ್ತಿದ ಆ ಕಾಲು ಬಾಗಿಲಿಗೆ ನೇರವಾಗಿ, ಅವರೆಲ್ಲರ ಮುಖಕ್ಕೆ ನೇರವಾಗಿ ಇತ್ತು. ಕೀವಿನ ವಾಸನೆ ಹೊರಗೆ ಹೋಗಿರಬೇಕು. ಹಂಸ ಸೆರಗು ಮೂಗಿಗೆ ಹಿಡಿದಳು. ತಟ್ಟೆಯಲ್ಲಿ ಕರ್ಪೂರ ಆರಿತ್ತು. ಕಾರಿನಲ್ಲಿ ಬಂದವರು ಕಾರಿನ ಕಡೆ ನೋಡಿದರು. ಅಡ್ಡ ನಿಂತವರು ಒಬ್ಬೊಬ್ಬರೇ ಪಕ್ಕಕ್ಕೆ ಸರಿದರು.

ಶಮೀಮ್ ಅತ್ತೆಗೆ ಟಿಕೆಟ್ ಹರಿದುಕೊಟ್ಟಳು. "ಚಲೋ ಅಂಬಣ್ಣ. ರೈಟ್."

ಶಿವಾಜಿನಗರದಲ್ಲಿ ಡಾಕ್ಟರಮ್ಮ ಬಟ್ಟೆ ಬಿಚ್ಚಿ ನೋಡಿದರು. ಹೆಬ್ಬೆರಳು ಉಳಿಯುವುದಿಲ್ಲ ಅಂದರು. ಕಾಲು ಉಳಿಸಬಹುದು, ಹೀಗೇ ಒಣಗಿಟ್ಟುಕೊಂಡು ಬಂದರೆ, ನಡೆಸದೆ ಬಂದರೆ ಅಂದರು. ಅತ್ತೆ ನನ್ನ ಮುಖ ನೋಡಿದಳು. ಹೀಗೇ ಅಂದರೆ ಬಸ್ಸಿನಲ್ಲಿ. ಪ್ರತಿ ಸಲವೂ.

ಗೆದ್ದೆವು ಅಂತ ನಾನು ಹೇಳುವುದಿಲ್ಲ. ಒಂದು ದಿನಕ್ಕೆ ಮೀಸಲಾದ ಗೆಲುವು ನನಗೆ ಬೇಡ. ಸಂಜೆ ನಾವು ವಾಪಸ್ಸು ಬರುವಷ್ಟರಲ್ಲಿ ಏರಿಯ ಬಾಯಲ್ಲಿ ಹೊಸ ಬೋರ್ಡ್ ನೆಟ್ಟಿದ್ದರು. ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಬಣ್ಣ ಇನ್ನೂ ಒಣಗಿರಲಿಲ್ಲ. ನಾನು ಅದನ್ನು ಓದುತ್ತಾ ನಿಂತಿದ್ದಾಗಲೇ ಅದರ ಪಕ್ಕದಿಂದ ಟಿಪ್ಪರ್ ಹೋಯಿತು. ಏರಿ ಹತ್ತಿದ್ದಕ್ಕೆ ಅಂಬಣ್ಣನನ್ನು ಡಿಪೋದವರು ಕಾರಣ ಕೇಳಿದ್ದಾರಂತೆ. ಪೂಜೆ ಮುಗಿದಿದೆ, ಇನ್ನು ತಮಟೆಯ ಮಾತಿಲ್ಲ ಅಂತ ಶ್ರೀನಿವಾಸ ಊರಲ್ಲಿ ಹೇಳಿಕೊಂಡು ತಿರುಗಿದನಂತೆ. ರಾತ್ರಿ ನಾನು ಮಾವನಿಗೆ ಬಿಸಿ ಮುದ್ದೆ ಬಡಿಸಿದೆ. ಸೀಳಿದ ಬೆರಳಿಗೆ ಅರಿಶಿನ ಕಟ್ಟಿದೆ. ಅವರು ತಮಟೆಯನ್ನು ಗೋಡೆಗೆ ತಗುಲಿಸಲಿಲ್ಲ. ಬಾಗಿಲ ಪಕ್ಕದಲ್ಲೇ ಒರಗಿಸಿಟ್ಟು ಮಲಗಿದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮಾವ ಇರಲಿಲ್ಲ. ತಮಟೆಯೂ ಇರಲಿಲ್ಲ. ಏರಿ ದಾಟಿ ಹೋದೆ. ಹಿಂದೆ ಕಾಲೋನಿಯ ಹೆಂಗಸರು ಬಂದರು.

ಮಾವ ಮೋರಿಯಲ್ಲಿರಲಿಲ್ಲ. ಕಲ್ಲಿನ ಹತ್ತಿರವೂ ಇರಲಿಲ್ಲ. ಕಲ್ಲಿನಿಂದ ಈಚೆ, ಕಟ್ಟೆಯ ಮುಂದೆ, ಸುಣ್ಣದ ಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಹುಲ್ಲಿಗೆ ಬೆಂಕಿ ಹಚ್ಚಿದ್ದರು. ಮುನಿಆಂಜನಪ್ಪ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾವ ಅವರ ಕಡೆ ತಿರುಗಲಿಲ್ಲ. ಚರ್ಮವನ್ನು ಬೆಂಕಿಗೆ ಹಿಡಿದು ತಿರುಗಿಸಿದರು, ಬೆರಳಿನಿಂದ ತಟ್ಟಿ ನೋಡಿದರು, ಮತ್ತೆ ಹಿಡಿದರು. ನಾವು ಅವರ ಹಿಂದೆ ರಸ್ತೆಯ ಅಗಲಕ್ಕೂ ನಿಂತೆವು.

ದೂರದಲ್ಲಿ ಬಸ್ಸಿನ ಸದ್ದು ಕೇಳಿಸುವಷ್ಟರಲ್ಲಿ ತಮಟೆ ಕಾದಿತ್ತು.